ಮೊಲದ ಕಿವಿಯ ಮುಳ್ಳು

ಇವತ್ತು ಬೆಳಿಗ್ಗೆ ಮುಖ ತೊಳೆದು ಟವೆಲಿಗೆ ಕೈ ಒರೆಸಿಕೊಳ್ಳುತ್ತಿದ್ದಾಗ ಹೆಬ್ಬೆರಳಿನಲ್ಲಿ ಚುರುಕ್ ಎಂದಿತು. ನಾನು ಕೂಗಿದ ಕೂಗಿಗೆ ಹೆಂಡತಿ ಒಲೆಯ ಮೇಲಿನ ಹಾಲನ್ನು ಅಲ್ಲಿಯೇ ಬಿಟ್ಟು ಓಡಿ ಬಂದಳು. "ಏನಾತ್ರಿ? ಚೇಳು ಕಡೀತೇನು?" ಎಂದಳು. "ಮುಳ್ಳು ನಟ್ಟೈತಿ" ಎಂದೆ. "ಎಲ್ಲಿ, ತೋರಸ್ರಿ" ಎಂದು ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದಳು. ಏನೂ ಕಾಣಲಿಲ್ಲ. ಅಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿಹೋಯಿತು. ಕಾಣದ ಮುಳ್ಳಿಗಾಗಿ ಕಾಣುವ ಹಾಲು ಚೆಲ್ಲಿಸಿದ್ದಕ್ಕೆ ನನಗೆ ಆದ ಮಂಗಳಾರತಿಯ ವಿವರ ನಿಮಗೆ ಬೇಡ.

ಮುಳ್ಳಂತೂ ಇತ್ತು. ನಿನ್ನೆ ಸಂಜೆ ಕಿಟಕಿಯಲ್ಲಿನ ಚಿಕ್ಕ ಗಿಡವೊಂದನ್ನು ಬೇರೆ ಕುಂಡಕ್ಕೆ ಬದಲಿಸಿದ್ದೆ. ಅದು ನಮ್ಮ ಮನೆಯಲ್ಲಿ ಮೊಲದ ಕಿವಿ ಎಂದು ಕರೆಯುವ ಕ್ಯಾಕ್ಟಸ್. ಅಂಗೈಯಷ್ಟು ಹಸಿರು ಹಪ್ಪಳ, ಅದರ ತಲೆಯ ಮೇಲೆ ಸಣ್ಣ ಹಪ್ಪಳಗಳೆರಡು, ಮೈತುಂಬ ಹಳದಿ ಮಖಮಲ್ಲಿನ ಚುಕ್ಕಿ. ಕಣ್ಣಿಗೆ ಕಾಣುವಂಥ ಮುಳ್ಳು ಒಂದೂ ಇಲ್ಲ. ನೋಡಿದವರಿಗೆ ಸವರಬೇಕು ಎನ್ನಿಸುತ್ತದೆ, ಸವರುತ್ತಾರೆ, ಆ ಗಳಿಗೆಗೆ ಏನೂ ಆಗುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಗೊತ್ತಾಗುತ್ತದೆ, ಆ ಚುಕ್ಕಿಗಳೆಲ್ಲ ಕೂದಲಿಗಿಂತ ಸಪೂರವಾದ ಮುಳ್ಳಿನ ಕಟ್ಟುಗಳೆಂದು. ಕೈ ಉರಿಯುತ್ತದೆ, ಆ ಕೈ ಮುಟ್ಟಿದ ಕೊರಳು ಉರಿಯುತ್ತದೆ, ಆ ಕೊರಳು ಒರೆಸಿದ ಟವೆಲು ಮನೆಮಂದಿಗೆಲ್ಲ ಹಂಚುತ್ತದೆ. ಗಿಡಗಳಲ್ಲಿ ಇಷ್ಟು ಸಾಧುವಾಗಿ ಕಂಡು ಇಷ್ಟು ಕಿತಾಪತಿ ಮಾಡುವುದನ್ನು ನಾನು ಬೇರೆ ಕಂಡಿಲ್ಲ. ಇದೇ ಗಿಡ ತೊಂಬತ್ತರ ದಶಕದ ಕೊನೆಯಲ್ಲಿ ಬೈಲಹೊಂಗಲದ ನಮ್ಮ ಮನೆಗೆ ಕೊಟ್ಟ ಗಾಬರಿಯಿಂದ ನಾನು ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ಅದನ್ನೇ ಹೇಳುತ್ತೇನೆ, ಕುಳಿತು ಕೇಳಿ. ಗಿಡ ಮಾತ್ರ ಮುಟ್ಟಬೇಡಿ.

ಹೌಹಾರುವುದು ನಮ್ಮ ಮನೆತನಕ್ಕೇ ಬಂದ ಗುಣ. ಅಪ್ಪ ಕೈಗಡಿಯಾರ ರಿಪೇರಿ ಮಾಡುತ್ತಿದ್ದ. ಮನೆಯ ಮುಂದಿನ ಖೋಲಿಯೇ ಅಂಗಡಿ. ಒಂದು ಕಣ್ಣಿಗೆ ಕಪ್ಪು ಭೂತಗನ್ನಡಿ ಸಿಗಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಸಾಸಿವೆಕಾಳಿಗಿಂತ ಸಣ್ಣ ಗಾಲಿಗಳನ್ನು ಚಿಮಟಿಗೆಯಿಂದ ಎತ್ತಿ ಇಡುತ್ತಿದ್ದ. ಅಷ್ಟು ಅನುಭವಸ್ಥ ಮನುಷ್ಯ, ಸತ್ತ ಗಡಿಯಾರ ತನ್ನ ಕೈಯಲ್ಲಿ ಟಿಕ್ ಎಂದ ಕೂಡಲೇ "ಅರೆ!" ಎಂದು ಬೆಚ್ಚುತ್ತಿದ್ದ. ಗಿರಾಕಿಗಳಿಗೆ ಅವನ ಕೆಲಸದ ಮೇಲೆ ಇದ್ದಷ್ಟು ವಿಶ್ವಾಸ ಅವನಿಗೇ ಇರಲಿಲ್ಲವೆಂದು ಕಾಣುತ್ತದೆ. ಅವ್ವ ಫೋನು ಬಂದರೆ ಬೆಚ್ಚುತ್ತಿದ್ದಳು, ಅಂಚೆಯವ ಬಂದರೆ ಎದೆ ಹಿಡಿದುಕೊಳ್ಳುತ್ತಿದ್ದಳು. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿದ್ದ ನಾನು, ಯಾರಾದರೂ "ಮುಂದೇನ್ ಮಾಡಬೇಕಂತಿ?" ಎಂದು ಕೇಳಿದರೆ ಬೆಚ್ಚುತ್ತಿದ್ದೆ. ಬೆಚ್ಚದವಳು ಒಬ್ಬಳೇ, ಅಕ್ಕ ಸುಮಿತ್ರಾ. ಕಾರಣ ಸರಳ. ಬೆಚ್ಚುವಂಥದ್ದು ಎದುರಿಗೆ ಬಂದರೂ ಅದು ತೀರ ಹತ್ತಿರ ಬರುವತನಕ ಅವಳಿಗೆ ಕಾಣುತ್ತಿರಲಿಲ್ಲ. ಸೋಡಾಬಾಟಲಿಯ ತಳದಷ್ಟು ದಪ್ಪನೆಯ ಕನ್ನಡಕ, ನಮ್ಮ ಕಡೆಯ ಮಾತಿನಲ್ಲಿ ಚಾಳೀಸ, ಅವಳದು. ಅದನ್ನು ತೆಗೆದರೆ ಜಗತ್ತೆಲ್ಲ ಮಂಜು.

ಕ್ಯಾಕ್ಟಸ್ಸಿನ ಹುಚ್ಚು ಅವಳದೇ. ಕಾಲೇಜಿನ ಹುಡುಗಿಯರೊಂದಿಗೆ ಕಿತ್ತೂರಿನ ಕೋಟೆ ನೋಡಲು ಹೋದವಳು, ಎಲ್ಲರೂ ಬಿದ್ದ ಗೋಡೆಗಳನ್ನು ನೋಡುತ್ತಿದ್ದಾಗ ಗೋಡೆಯ ಬುಡದಲ್ಲಿನ ಪಾಪಾಸುಕಳ್ಳಿಯ ಒಂದು ತುಂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದಳು. ಅಲ್ಲಿಂದ ಶುರು. ಡಾಲ್ಡಾ ಡಬ್ಬಿ, ಕಿವಿ ಮುರಿದ ಕಪ್ಪು, ತೂತು ಬಿದ್ದ ತಂಬಿಗೆ, ಅಪ್ಪ ಎಸೆದ ಗೋಡೆಗಡಿಯಾರದ ಹೊರಕವಚ, ಎಲ್ಲವೂ ಕುಂಡಗಳಾದವು. ಗಿಡವನ್ನು ಗುರುತು ಹಿಡಿಯುವ ವಿದ್ಯೆಯನ್ನೂ ಅವಳೇ ಕಟ್ಟಿಕೊಂಡಳು. ತಂದ ತುಂಡಿನ ಮೂಲೆಗೆ ಬ್ಲೇಡಿನಿಂದ ಗೀರಿ, "ಹಾಲು ಬಂದ್ರ ಕಳ್ಳಿ, ನೀರು ಬಂದ್ರ ಕ್ಯಾಕ್ಟಸ್" ಎನ್ನುತ್ತಿದ್ದಳು. ಅದೂ ಸಾಲದಿದ್ದರೆ ಗಿಡವನ್ನು ಮೂಗಿನ ತುದಿಗೆ ತಂದುಕೊಂಡು ಮುಳ್ಳಿನ ಬುಡ ನೋಡುವಳು. ಕ್ಯಾಕ್ಟಸ್ಸಿನ ಪ್ರತಿ ಮುಳ್ಳೂ ಒಂದು ಸಣ್ಣ ಅರಳೆಯ ಚುಕ್ಕಿಯಿಂದ ಎದ್ದಿರುತ್ತದೆ, ಕಳ್ಳಿಯದು ಹಾಗಲ್ಲ. ಹತ್ತಿಯ ಗಿರಣಿಗಳ ಊರಲ್ಲಿ ಹುಟ್ಟಿದವಳಿಗೆ ಅರಳೆ ಗುರುತಿಸುವುದನ್ನು ಯಾರು ಕಲಿಸಬೇಕು? ಗುರುತಾದ ಮೇಲೆ ನಾಮಕರಣ. ಸೌತಿಕಾಯಿ, ಮುದುಕನ ತಲಿ, ತಹಶೀಲ್ದಾರ, ಮೊಲದ ಕಿವಿ. ತಹಶೀಲ್ದಾರ ಎಂದು ಯಾಕೆ ಕರೆದಳೋ ಕೇಳಬೇಡಿ. ಅದು ಡುಮ್ಮಗೆ ಇತ್ತು, ಹತ್ತಿರ ಹೋದವರಿಗೆಲ್ಲ ಚುಚ್ಚುತ್ತಿತ್ತು.

ಮೊದಲ ವರ್ಷ ಅವಳ ಗಿಡಗಳೆಲ್ಲ ಕೊಳೆತು ಸತ್ತವು. ಆ ಸಾವುಗಳಿಗೆ ಕಾರಣ ನಮ್ಮೂರ ಅಭಿಮಾನ. ಬೈಲಹೊಂಗಲದವರಿಗೆ ತಮ್ಮ ಎರೆಮಣ್ಣಿನ ಮೇಲೆ ಇರುವ ಹೆಮ್ಮೆ ಮಕ್ಕಳ ಮೇಲೂ ಇಲ್ಲ. "ನಮ್ಮ ಕರೀ ಮಣ್ಣಾಗ ಕಲ್ಲು ಊರಿದ್ರೂ ಚಿಗೀತೈತಿ" ಎಂದು ಅಪ್ಪ ಖುದ್ದಾಗಿ ಹೊಲದ ಮಣ್ಣು ತರಿಸಿ, ಡಬ್ಬಿಗಳಿಗೆ ಒತ್ತಿ ತುಂಬಿ, ಮೇಲೆ ತಂಬಿಗೆಗಟ್ಟಲೆ ನೀರು ಸುರಿಯುತ್ತಿದ್ದ. ಎರೆಮಣ್ಣು ನೀರನ್ನು ಹಿಡಿದರೆ ಬಿಡುವ ಪೈಕಿ ಅಲ್ಲ. ಗಿಡ ಒಂದೊಂದಾಗಿ ಬುಡದಿಂದ ಕಂದಿ, ಮೆತ್ತಗಾಗಿ, ಮಗ್ಗಲಿಗೆ ಮಲಗಿತು. ತಮ್ಮ ಮಣ್ಣಿನಲ್ಲಿ ಬೆಳೆಯದ ವಸ್ತುವೂ ಉಂಟೆಂದು ತಿಳಿದಾಗ ಅಪ್ಪನಿಗೆ ಆದ ಆಘಾತ ಸಣ್ಣದಲ್ಲ. ಎಷ್ಟೋ ದಿನ ಆ ಖಾಲಿ ಡಬ್ಬಿಗಳನ್ನು ನೋಡುತ್ತ, "ಜ್ವಾಳ ಬರತೈತಿ, ಹತ್ತಿ ಬರತೈತಿ, ಮುಳ್ಳು ಬರೂದಿಲ್ಲಂದ್ರ ಏನಿದು?" ಎಂದು ಗೊಣಗುತ್ತಿದ್ದ. ಆಮೇಲೆ ಅಕ್ಕ ಮನೋಳಿಯ ಹೊಳೆಯ ಉಸುಕು ತರಿಸಿದಳು. ಅದಕ್ಕೆ ಇಟ್ಟಂಗಿಯ ಚೂರು, ಹಳೆಯ ಗೊಬ್ಬರ. ಕಿತ್ತ ತುಂಡನ್ನು ಹಾಗೇ ಹಚ್ಚದೆ ನೆರಳಲ್ಲಿ ಮಲಗಿಸಿ, ಗಾಯ ಒಣಗಿ ಚಕ್ಕೆ ಕಟ್ಟುವವರೆಗೆ ಕಾದು, ಒಣ ಉಸುಕಿನಲ್ಲಿ ನಿಲ್ಲಿಸುವುದು. ನೀರು ಕೇಳಿದರೂ ಕೊಡದಿರುವುದು. ಮುಳ್ಳಿನ ಗಿಡ ಹಿಡಿಯಲು ಹಳೆಯ ಪೇಪರನ್ನು ಪಟ್ಟಿಯ ಹಾಗೆ ಮಡಿಸಿಕೊಳ್ಳುತ್ತಿದ್ದಳು, ಬೆರಳಿಗೆ ಹೊಕ್ಕ ಮುಳ್ಳಿಗೆ ಅಪ್ಪನ ಚಿಮಟಿಗೆ ಇತ್ತು. ದಿನಾ ಒಂದು ಹೊತ್ತು ಅಂಗಡಿಯಿಂದ "ನನ್ನ ಚಿಮಟಿಗಿ ಎಲ್ಲೈತಿ?" ಎಂದು ಅಪ್ಪನ ಕೂಗು ಕೇಳಿಸದಿದ್ದರೆ ನಮಗೆ ಊಟ ಸೇರುತ್ತಿರಲಿಲ್ಲ.

ಗಿಡಗಳು ಎಲ್ಲಿಂದ ಬರುತ್ತಿದ್ದವು ಎಂದರೆ, ಕದ್ದು. ಗಾಬರಿಯಾಗಬೇಡಿ, ನಮ್ಮ ಕಡೆ ಅದು ರಿವಾಜು. ಕೇಳಿ ಪಡೆದ ಟೊಂಗೆ ಬೇರು ಬಿಡುವುದಿಲ್ಲ, ಹೇಳದೆ ಒಯ್ದದ್ದು ಬಿಡುತ್ತದೆ ಎಂದು ಹೆಂಗಸರೆಲ್ಲರ ನಂಬಿಕೆ. ಆದ್ದರಿಂದ ಗಿಡದ ಯಜಮಾನಿಯೂ ಮರ್ಯಾದಸ್ಥಳಾಗಿದ್ದರೆ ತಾನೇ ಅವಕಾಶ ಮಾಡಿಕೊಡಬೇಕು. ಬಂದವಳು ಗಿಡದ ಹತ್ತಿರ ಸುಳಿದಾಡಿ "ಭಾಳ ಚಂದ ಐತಿ ನೋಡ್ರಿ" ಎಂದಳೋ, ಈಕೆ "ಒಲಿ ಮ್ಯಾಲ ಏನೋ ಇಟ್ಟೇನಿ, ನೋಡಿ ಬರತೇನಿ" ಎಂದು ಒಳಗೆ ಹೋಗಬೇಕು. ಒಲೆಯ ಮೇಲೆ ಏನೂ ಇರುವುದಿಲ್ಲ. ತಿರುಗಿ ಬರುವಷ್ಟರಲ್ಲಿ ಗಿಡ ಒಂದು ಟೊಂಗೆ ಹಗುರಾಗಿರುತ್ತದೆ, ಬಂದವಳ ಸೆರಗು ಸ್ವಲ್ಪ ಭಾರವಾಗಿರುತ್ತದೆ, ಇಬ್ಬರೂ ಮಳೆಯ ಬಗ್ಗೆ ಮಾತಾಡುತ್ತಾರೆ. ಹೀಗೆ ಒಬ್ಬರ ಗಿಡ ಒಬ್ಬರ ಮನೆಗೆ ಹೋಗಿ ಇಡೀ ಓಣಿಗೆ ಒಂದೇ ದಾಸವಾಳ ಇತ್ತು. ಇದನ್ನು ಕಳವು ಎಂದು ಯಾರೂ ಕರೆಯುತ್ತಿರಲಿಲ್ಲ.

ಈಗ ನಿಜವಾದ ಸಂಕಟಕ್ಕೆ ಬರುತ್ತೇನೆ. ಅಕ್ಕನಿಗೆ ವರ ಹುಡುಕುತ್ತಿದ್ದರು. ಬಂದವರು ಉಪ್ಪಿಟ್ಟು ತಿಂದು, ಅಕ್ಕನನ್ನು ನೋಡಿ, ಅವಳ ಕನ್ನಡಕವನ್ನು ಅದಕ್ಕಿಂತ ಹೆಚ್ಚು ನೋಡಿ, "ತಿಳಸ್ತೇವ್ರಿ" ಎಂದು ಹೋಗುತ್ತಿದ್ದರು. ತಿಳಿಸುತ್ತಿರಲಿಲ್ಲ. ಅವ್ವ ಮೊದಲು ದೂರಿದ್ದು ಕ್ಯಾಕ್ಟಸ್ಸನ್ನು. "ಮನಿ ಮುಂದ ಮುಳ್ಳು ಇಟ್ಕೊಂಡ್ರ ಒಳಗ ಯಾರ್ ಬರ್ತಾರ?" ಎಂದು ಕುಂಡಗಳನ್ನೆಲ್ಲ ಹಿತ್ತಿಲಿಗೆ ಸಾಗಿಸಿದಳು. ಆಮೇಲೂ ಯಾರೂ ಒಪ್ಪಲಿಲ್ಲ. ಆಗ ಕನ್ನಡಕದ ಸರದಿ ಬಂತು. ಬೀಗರು ಬರುವ ದಿನ ಅವ್ವ ಅಕ್ಕನ ಮುಖದಿಂದ ಅದನ್ನು ತೆಗೆದು ಎಲ್ಲಿಯೋ ಬಚ್ಚಿಡುತ್ತಿದ್ದಳು. ಅಕ್ಕ ಗೋಡೆ ಹಿಡಿದುಕೊಂಡು ಬಂದು, ಜಮಖಾನೆಯ ಅಂಚನ್ನು ಕಾಲಿನಿಂದ ಹುಡುಕಿ ಕುಳಿತುಕೊಳ್ಳುತ್ತಿದ್ದಳು. ಬಂದವರು ಅದನ್ನು ನಾಚಿಕೆ ಎಂದು ತಿಳಿದು ಮೆಚ್ಚುತ್ತಿದ್ದರು. ದಿನವಿಡೀ ಒಂದು ಕಣ್ಣಿಗೆ ಗಾಜು ಸಿಗಿಸಿಕೊಂಡು ಹೊಟ್ಟೆ ಹೊರೆಯುತ್ತಿದ್ದ ಅಪ್ಪನೂ ಇದಕ್ಕೆ ಒಂದು ಮಾತು ಅಡ್ಡ ಹೇಳಲಿಲ್ಲ. ನಾನೂ ಹೇಳಲಿಲ್ಲ. ಆ ಕಾಲಕ್ಕೆ ಅದು ಯಾರಿಗೂ ವಿಚಿತ್ರ ಎನಿಸಿರಲಿಲ್ಲ, ಈಗ ನೆನೆಸಿದರೆ ಮೈ ಜುಮ್ಮೆನ್ನುತ್ತದೆ. ಹಾಗೆ ಮಾಡಿದ ಮೇಲೆ ಸಂಪಗಾಂವದ ಒಬ್ಬ ಹುಡುಗನ ಮನೆಯವರು ಒಪ್ಪಿಯೂ ಬಿಟ್ಟಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಅಕ್ಕನನ್ನು ಕನ್ನಡಕದ ಸಮೇತ ಕಂಡ ದಿನವೇ ಮಾತು ಮುರಿಯಿತು.

ಅದಾದ ಮೇಲೆ ಸವದತ್ತಿಯಿಂದ ಸೋದರಮಾವ ರಾಮದುರ್ಗದ ಸಂಬಂಧ ತಂದ. ವಿದ್ಯುತ್ ಮಗ್ಗ ಇಟ್ಟುಕೊಂಡ ಮನೆ. ಹುಡುಗ ಬಸವರಾಜ, ತಂದೆಯಿಲ್ಲ, ತಾಯಿ ನೀಲವ್ವನದೇ ಕಾರಭಾರ. ನಮ್ಮದೂ ಮೂಲಕ್ಕೆ ನೇಕಾರರ ಮನೆಯೇ, ಅಜ್ಜನ ಕಾಲಕ್ಕೆ ಮಗ್ಗ ಬಿಟ್ಟವರು. ಎಲ್ಲ ಸರಿ ಹೊಂದುತ್ತಿತ್ತು. ಮಾಮಾ ಚಹಾ ಕುಡಿದು, ಬಾಯಿ ಒರೆಸಿಕೊಂಡು, ಕಡೆಗೆ ಹೇಳಿದ.

"ಆ ಹೆಣಮಗಳು ಒಂದ ಮಾತು ಕೇಳ್ಯಾಳ. ಬಂಗಾರ ಬ್ಯಾಡ, ಬಣ್ಣ ಹೆಂಗಿದ್ರೂ ನಡೀತೈತಿ. ಹುಡುಗಿ ಕಣ್ಣು ಚಲೋ ಇರಬೇಕು. ಮಗ್ಗದ ಮನಿ ನೋಡು, ಎಳಿ ಹರದ್ರ ಕಾಣಬೇಕಲ್ಲ."

ಅವ್ವನ ಮುಖ ಬಿಳಿಚಿಕೊಂಡಿತು. "ನೀ ಏನಂದಿ?" ಎಂದಳು.

"ಏನನ್ಲಿ? ಹದ್ದಿನ ಕಣ್ಣು ಅಂದೆ."

ಒಳಗೆ ಗಿಡಕ್ಕೆ ಉಸುಕು ಜರಡಿ ಹಿಡಿಯುತ್ತಿದ್ದ ಅಕ್ಕ ಜೋರಾಗಿ ನಕ್ಕಳು. ಆ ನಗುವಿನಲ್ಲಿ ಸಂತೋಷವೇನೂ ಇರಲಿಲ್ಲ.

ರಾಮದುರ್ಗದವರು ಮಾಮಾನೊಂದಿಗೆ ಬಂದ ದಿನ ಚೆನ್ನಾಗಿ ಬಿಸಿಲಿತ್ತು. ನೀಲವ್ವ ಗಟ್ಟಿ ಮೈಯ, ದೊಡ್ಡ ದನಿಯ ಹೆಂಗಸು. ಬಸವರಾಜ ಬಿಳಿ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹೆಚ್ಚಾಗಿ ಹಚ್ಚಿಕೊಂಡು ಬಂದಿದ್ದ. ನೀಲವ್ವ ಬಂದವಳೇ "ಕೈಕಾಲು ತೊಳಕೊಂಡು ಬರತೇನಿ" ಎಂದು ಹಿತ್ತಿಲಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಅವ್ವ ಎರಡು ಸಲ ಹಿತ್ತಿಲ ಬಾಗಿಲತನಕ ಹೋಗಿ, ಮರ್ಯಾದೆಗೆ ಹೆದರಿ ತಿರುಗಿ ಬಂದಳು. ಆಮೇಲೆ ನೀಲವ್ವ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ಬಂದು ಕುಳಿತಳು. ಅಕ್ಕನನ್ನು ಕರೆತಂದರು. ಕನ್ನಡಕವಿಲ್ಲದ ಅಕ್ಕ ಗೋಡೆ ಹಿಡಿದು ಬಂದು ಹುಡುಗನ ಎದುರಿಗೆ ಕುಳಿತಳು. ಹುಡುಗ ನೋಡಿದ. ಒಂದಿಷ್ಟೂ ಸಂಕೋಚವಿಲ್ಲದೆ, ತೃಪ್ತಿಯಾಗುವಷ್ಟು ನೋಡಿದ. ಅಕ್ಕನನ್ನು ಒಳಗೆ ಕಳಿಸಿ ಅವ್ವ ಶಿರಾ, ಉಪ್ಪಿಟ್ಟು ತಂದಿಟ್ಟಳು.

ಮೊದಲ ತುತ್ತಿಗೇ ನೀಲವ್ವನ ಮುಖ ಕೆಂಪಾಯಿತು. ಎಡಗೈಯಿಂದ ಬಲಗೈ ಕೆರೆದುಕೊಂಡಳು. ಕೊರಳು ಕೆರೆದುಕೊಂಡಳು. ಸೊಂಟ ಹಿಡಿದು ಒಂದು ಮಗ್ಗಲಿಗೆ ಹೊರಳಿ, ಇನ್ನೊಂದು ಮಗ್ಗಲಿಗೆ ಹೊರಳಿ, ಕಡೆಗೆ ತಾಟು ಸರಿಸಿ ಎದ್ದೇ ನಿಂತಳು. ನಾವೆಲ್ಲ ದಂಗಾದೆವು.

"ಏನಾತ್ರಿ ಅಕ್ಕಾರ? ಖಾರ ಆತೇನ್ರಿ?" ಎಂದು ಅವ್ವ ನೀರಿನ ತಂಬಿಗೆ ಮುಂದೆ ಹಿಡಿದಳು.

"ಏನಿಲ್ಲ, ಏನಿಲ್ಲ" ಎಂದಳು ನೀಲವ್ವ. ಹೇಳುತ್ತ ಹೇಳುತ್ತಲೇ ಮೊಣಕೈ ಕೆರೆದುಕೊಂಡಳು.

"ಪಿತ್ತದ ಗಂದಿ ಅದು. ಬದನಿಕಾಯಿ ಹಾಕೀರೇನು ಉಪ್ಪಿಟ್ಟಿನಾಗ?" ಎಂದ ಮಾಮಾ. ಉಪ್ಪಿಟ್ಟಿಗೆ ಯಾರು ಬದನೆಕಾಯಿ ಹಾಕುತ್ತಾರೆ? ಆದರೆ ಆ ಗಾಬರಿಯಲ್ಲಿ ಅವ್ವ ತಾಟಿನಲ್ಲಿ ಬದನೆಕಾಯಿ ಹುಡುಕತೊಡಗಿದಳು. ಮಗ ಬಸವರಾಜ "ಯವ್ವಾ, ಏನಾಗೇತಿ ಹೇಳಬಾರದ?" ಎಂದು ಎದ್ದು ನಿಂತ. ಅವಳು ಅವನನ್ನು ದುರುಗುಟ್ಟಿ ನೋಡಿ ಕೂಡಿಸಿದಳು. ಅಪ್ಪ ಬಾಯಿ ತೆರೆದುಕೊಂಡು ಕುಳಿತಿದ್ದ. ಬೀಗತಿಯಾಗಬೇಕಾದವಳಿಗೆ ನಮ್ಮ ಮನೆಯಲ್ಲಿ ಏನೋ ವಿಷವಾಗಿದೆ, ಇನ್ನು ಈ ಸಂಬಂಧವೂ ಹೋಯಿತು, ಇದರ ಸುದ್ದಿ ರಾಮದುರ್ಗದಿಂದ ಸವದತ್ತಿಗೆ, ಸವದತ್ತಿಯಿಂದ ಸಿರಸಂಗಿಗೆ ಹೋಗಿ ಇನ್ನು ಯಾವ ಊರಿಂದಲೂ ಯಾರೂ ಬರುವುದಿಲ್ಲ ಎಂದು ನನಗೆ ಆ ಕ್ಷಣದಲ್ಲಿ ಖಾತ್ರಿಯಾಯಿತು.

ಅವ್ವ ಅವಳನ್ನು ಕೈಹಿಡಿದು ಅಡಿಗೆಮನೆಗೆ ಕರೆದೊಯ್ದು ಹಿತ್ತಿಲ ಹೊಸ್ತಿಲ ಮೇಲೆ ಕೂಡಿಸಿದಳು. ಕೊಬ್ಬರಿ ಎಣ್ಣೆಯ ಬಟ್ಟಲು ತಾ ಎಂದು ನನಗೆ ಹೇಳಿದಳು. ಆ ಬಟ್ಟಲು ಹಿಡಿದುಕೊಂಡು ನಿಂತದ್ದರಿಂದಲೇ ಮುಂದಿನದೆಲ್ಲ ನನ್ನ ಕಣ್ಣಾರೆ ಕಂಡೆ. ಅವ್ವ ಅಂಗೈಗೆ ಎಣ್ಣೆ ಸುರುವಿಕೊಂಡು ನೀಲವ್ವನ ಕೈಯನ್ನು ಗಸಗಸ ತಿಕ್ಕಲು ಶುರು ಮಾಡಿದಳು. ನೀಲವ್ವ "ಅಯ್ಯಯ್ಯೋ!" ಎಂದು ಚೀರಿದಳು.

"ತಿಕ್ಕಬ್ಯಾಡವ್ವಾ!" ಎಂದು, ಅಂಥ ಚೀರು ಮೊದಲೂ ಕೇಳಿದ್ದ ಅಕ್ಕ ಅಡಿಗೆಮನೆಯ ಮೂಲೆಯಿಂದ ಕೂಗಿದಳು. "ತಿಕ್ಕಿದ್ರ ಇನ್ನೂ ಒಳಗ ಹೋಗ್ತಾವ!"

ನೋಡಲು ಬಂದವರ ಎದುರಿಗೆ ಹುಡುಗಿ ಹೀಗೆ ಗಂಟಲೆತ್ತುವುದೇ ಒಂದು ಆಘಾತ. ಅವ್ವ ಕಣ್ಣು ದೊಡ್ಡದು ಮಾಡಿ ಸುಮ್ಮನಿರು ಎಂದು ಸನ್ನೆ ಮಾಡಿದಳು. ಹುಬ್ಬು ಕುಣಿಸಿದಳು. ತುಟಿ ಕಚ್ಚಿದಳು. ಆ ಸನ್ನೆಗಳೆಲ್ಲ ನೀರಿನಲ್ಲಿ ಹೋಮ. ಕನ್ನಡಕವಿಲ್ಲದ ಅಕ್ಕನಿಗೆ ಅವ್ವನ ಮುಖವೇ ಕಾಣುತ್ತಿರಲಿಲ್ಲ. ಅವಳು ತಡವರಿಸುತ್ತ ಬಂದು ನೀಲವ್ವನ ಎದುರಿಗೆ ಕುಳಿತು, ಆ ಕೈಯನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿದಳು. ಆಮೇಲೆ, ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳುವಷ್ಟು ಸಹಜವಾಗಿ, ಕೇಳಿಯೇ ಬಿಟ್ಟಳು.

"ಅವ್ವಾ, ನನ್ನ ಚಾಳೀಸ ಎಲ್ಲಿಟ್ಟಿ?"

ನನ್ನ ಕೈಯಲ್ಲಿನ ಎಣ್ಣೆ ಬಟ್ಟಲು ಅಲುಗಾಡಿ ಕಾಲ ಮೇಲೆ ಚೆಲ್ಲಿತು. ಉರಿಯನ್ನು ಮರೆತು ನೀಲವ್ವ ತಲೆ ಎತ್ತಿ ನೋಡಿದಳು.

"ಚಾಳೀಸ? ಯಾರ ಚಾಳೀಸ?"

"ನಂದ್ರಿ" ಎಂದಳು ಅಕ್ಕ. "ಅದಿಲ್ಲಂದ್ರ ನನಗ ನಿಮ್ಮ ಕೈ ಸುದ್ದಾ ಕಾಣಂಗಿಲ್ಲ."

ಅಕ್ಕ ತಾನೇ ಎದ್ದು ಹಲಗೆಯ ಮೇಲಿನ ಡಬ್ಬಿಗಳನ್ನು ಒಂದೊಂದಾಗಿ ತೆರೆದಳು. ಬೇಳೆಯಲ್ಲಿ ಕೈ ಹಾಕಿದಳು, ರವೆಯಲ್ಲಿ ಹಾಕಿದಳು. ಗೋಧಿಹಿಟ್ಟಿನಲ್ಲಿ ಸಿಕ್ಕಿತು. ಸೆರಗಿಗೆ ಒರೆಸಿ ಹಾಕಿಕೊಂಡಳು. ಆಗಲೂ ಗಾಜಿನ ಅಂಚಿನಲ್ಲಿ ಹಿಟ್ಟು ಇತ್ತು. ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತು "ಅಪ್ಪಾ, ಚಿಮಟಿಗಿ ಕೊಡು" ಎಂದಳು. ಪಡಸಾಲೆಯಲ್ಲಿದ್ದ ಅಪ್ಪ ಎದ್ದು ಬಂದವನು ಅವಳ ಮುಖ ನೋಡಿ "ಅರೆ!" ಎಂದು ಬೆಚ್ಚಿದ. ಹಿಂದಿನಿಂದ ಮಾಮಾ "ಹೋತು, ಎಲ್ಲಾ ಹೋತು" ಎಂದದ್ದು ನನಗೂ ಕೇಳಿಸಿತು. ಅಪ್ಪ ಅಂಗಡಿಗೆ ಹೋಗಿ ಚಿಮಟಿಗೆ ತಂದು ಕೊಟ್ಟ.

ಅಕ್ಕ ನೀಲವ್ವನ ಕೈಯನ್ನು ಬಾಗಿಲ ಬೆಳಕಿಗೆ ತಿರುಗಿಸಿ, ಮುಖವನ್ನು ಅದರ ಮೇಲೆ ಬಗ್ಗಿಸಿದಳು. ಚಿಮಟಿಗೆ ಒಂದು ಸಲ ಕೆಳಗಿಳಿದು ಮೇಲೆ ಬಂತು. ಅದರ ತುದಿಯಲ್ಲಿ ಹೊಂಬಣ್ಣದ ಒಂದು ಎಳೆ ಬಿಸಿಲಿಗೆ ಮಿಂಚಿ ಹೋಯಿತು. ನನಗೆ ಕಂಡಿತೆಂದು ಹೇಳುತ್ತೇನೆ, ನಿಜವಾಗಿ ಕಂಡಿತೋ ಇಲ್ಲವೋ. ಅಕ್ಕ ಮಾತ್ರ ಅದನ್ನು ನೋಡಿದವಳೇ ಗುರುತು ಹಿಡಿದಳು.

"ಇದು ಮೊಲದ ಕಿವೀದು" ಎಂದಳು ಮೆತ್ತಗೆ. "ನಮ್ಮ ಹಿತ್ತಲದಾಗಿಂದು."

ನೀಲವ್ವ ಅವಳನ್ನು ನೋಡಿದಳು. ಅಕ್ಕ ನೀಲವ್ವನನ್ನು ನೋಡಿದಳು. ನನಗೂ ಅವ್ವನಿಗೂ ಒಮ್ಮೆಲೇ ಹೊಳೆಯಿತು, ಕೈಕಾಲು ತೊಳೆಯಲು ಹೋದವಳು ಹಿತ್ತಿಲಲ್ಲಿ ಅಷ್ಟು ಹೊತ್ತು ಏನು ಮಾಡಿದಳೆಂದು. ಗಿಡ ಒಯ್ಯುವುದು ರಿವಾಜು ನಿಜ. ಆದರೆ ಕನ್ಯೆ ನೋಡಲು ಬಂದ ಮನೆಯಲ್ಲಿ, ಇನ್ನೂ ಮಾತು ಆಡುವ ಮೊದಲೇ, ಯಜಮಾನಿ ಒಲೆಯ ನೆಪ ಹೇಳಿ ಒಳಗೆ ಹೋಗುವ ಮೊದಲೇ! ಗಂಡಿನ ತಾಯಿ! ಅವ್ವನ ಎಣ್ಣೆಗೈ ತಾನಾಗಿ ಬಾಯಿಗೆ ಹೋಯಿತು.

ನೀಲವ್ವ ಮೆಲ್ಲಗೆ ಸೊಂಟದಿಂದ ಸೆರಗಿನ ಗಂಟು ಬಿಚ್ಚಿದಳು. ಒಳಗೆ ನಜ್ಜುಗುಜ್ಜಾದ ಒಂದು ಹಸಿರು ಕಿವಿ ಇತ್ತು. ಅಷ್ಟು ದೊಡ್ಡ ದನಿಯ ಹೆಂಗಸು ಶಾಲೆಯ ಹುಡುಗಿಯ ಹಾಗೆ ನೆಲ ನೋಡುತ್ತ ಹೇಳಿದಳು.

"ಕೇಳಿ ಒಯ್ದರ ಹತ್ತೂದಿಲ್ಲಲ್ಲವ್ವಾ. ಅದಕ್ಕ. ಉಳಿದೂವೆಲ್ಲಾ ಮುಳ್ಳು. ಇದೊಂದಕ್ಕ ಮುಳ್ಳ ಇಲ್ಲ ಅಂತ ತಿಳದು ಕಿತ್ತನಿ."

"ಇದಕ್ಕ ಎಲ್ಲಾದಕ್ಕಿಂತ ಹೆಚ್ಚು ಅದಾವ್ರಿ" ಎಂದಳು ಅಕ್ಕ, ಇನ್ನೊಂದು ಮುಳ್ಳು ಕೀಳುತ್ತ. "ನಿಮಗ ಕಾಣಲಿಲ್ಲೇನು?"

ನೀಲವ್ವ ಪಡಸಾಲೆಯ ಕಡೆ ಒಮ್ಮೆ ನೋಡಿ, ದನಿ ಇಳಿಸಿದಳು.

"ಎಲ್ಲಿ ಕಾಣತೈತಿ, ತಂಗಿ. ಎಳಿ ಹರದ್ರೂ ಕಾಣವಲ್ದು ಈಗ. ಕೈಲೇ ತಡವಿ ಹುಡುಕತೇನಿ. ಮಗಗ ಹೇಳಿಲ್ಲ. ಚಾಳೀಸ ಹಾಕ್ಕೊಂಡ್ರ ಮುದಿಕಿ ಆದ್ಲು, ಮಗ್ಗಾ ಬಿಡಸ್ರಿ ಅಂತಾರ. ಮನಿಗೆ ಒಂದು ಚಲೋ ಕಣ್ಣಿನ ಸೊಸಿ ಬಂದ್ರ ಮುಚ್ಚಿ ಹೋಗತೈತಿ ಅನಕೊಂಡಿದ್ದೆ."

ಅಲ್ಲಿಯವರೆಗೆ ತಡೆದುಕೊಂಡದ್ದು ಅವ್ವನಿಗೆ ಇನ್ನು ತಡೆಯಲಾಗಲಿಲ್ಲ. ಅಳುತ್ತ ಹೇಳಿದಳು. "ತಪ್ಪು ತಿಳಕೋಬ್ಯಾಡ್ರಿ ಅಕ್ಕಾರ. ಆಕೀಗೆ ಚಾಳೀಸ ಐತಂತ ನಾವು ಮುಚ್ಚಿಟ್ಟಿವಿ. ಆಕೀದೇನೂ ತಪ್ಪಿಲ್ಲ."

"ಸುಮ್ನಿರಬೇ" ಎಂದಳು ನೀಲವ್ವ. "ನಾ ಸೆರಗಿನಾಗ ಇಟಗೊಂಡು ಕುಂತಾಕಿ, ನಿನಗೇನು ಅನ್ಲಿ?" ಆಮೇಲೆ ಅಕ್ಕನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ಎತ್ತಿ, ಹಿಟ್ಟು ಮೆತ್ತಿದ ಕನ್ನಡಕವನ್ನು, ಅದರ ಹಿಂದಿನ ಕಣ್ಣುಗಳನ್ನು ನೋಡಿದಳು. "ಇದನ್ನ ಹಾಕ್ಕೊಂಡ್ರ ನಿನಗ ಅಷ್ಟು ಸಣ್ಣದು ಕಾಣತೈತೇನು?"

"ಕಾಣತೈತ್ರಿ."

"ಹಂಗಾರ ಕೀಳು. ಸೊಂಟದಾಗ ಇನ್ನೂ ಭಾಳ ಅದಾವ."

ನನ್ನನ್ನು ಅಲ್ಲಿಂದ ಓಡಿಸಿದರು. ಪಡಸಾಲೆಯಲ್ಲಿ ಗಂಡಸರು ಮೂವರೂ ಯಾರೋ ತೀರಿಕೊಂಡ ಮನೆಯ ಹಾಗೆ ಕುಳಿತಿದ್ದರು. ನಾನೂ ಹೋಗಿ ಕುಳಿತೆ. ಒಳಗಿನಿಂದ ಒಮ್ಮೆ "ಅಯ್ಯಯ್ಯೋ" ಕೇಳುತ್ತಿತ್ತು, ಒಮ್ಮೆ ನಗು ಕೇಳುತ್ತಿತ್ತು. ನಗು ಯಾಕೆಂದು ಮಾಮಾನಿಗೆ ತಿಳಿಯದೆ ಅವನು ಇನ್ನೂ ಹೆಚ್ಚು ಗಾಬರಿಯಾದ.

ಕಡೆಗೆ ಹೆಂಗಸರು ಹೊರಗೆ ಬಂದರು. ನೀಲವ್ವ ಮುಂದೆ, ಅವ್ವ ಹಿಂದೆ, ಅವ್ವನ ಹಿಂದೆ ಅಕ್ಕ. ಅಕ್ಕನ ಮೂಗಿನ ಮೇಲೆ ಕನ್ನಡಕ ಹಾಗೆಯೇ ಇತ್ತು. ಈ ಸಲ ಅವಳು ಗೋಡೆ ಹಿಡಿಯಲಿಲ್ಲ. ಬಸವರಾಜ ಬಾಯಿ ತೆರೆದ. ಅವನು ಏನಾದರೂ ಹೇಳುವ ಮೊದಲೇ ನೀಲವ್ವ ಹೇಳಿದಳು. "ನನಗ ಒಪ್ಪಿಗಿ ಐತಿ. ಕಣ್ಣು ನಾನ ಪರೀಕ್ಷಾ ಮಾಡೇನಿ, ಯಾರೂ ಅದರ ಮಾತು ಎತ್ತಬ್ಯಾಡ್ರಿ. ನಿಂದೇನೋ?" ಬಸವರಾಜ ತನ್ನದೂ ಒಪ್ಪಿಗೆ ಎಂದು ಗೋಣು ಹಾಕಿದ.

ಅಪ್ಪನಿಗೆ ಕುಳಿತಲ್ಲೇ ಬೆವರು ಬಂದಿತ್ತು. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಪದ್ಧತಿಯ ಪ್ರಕಾರ ಕೇಳಿದ. "ಸುಮಿತ್ರಾ, ನೀನೂ ಒಂದ್ ಮಾತು ಹೇಳವ್ವಾ. ಹುಡುಗ ಮನಸ್ಸಿಗೆ ಬಂದಾನಲ್ಲ?"

ಹಿಂದೆ ಪ್ರತಿ ಸಲವೂ ಅಪ್ಪ ಹೀಗೆಯೇ ಕೇಳುತ್ತಿದ್ದ, ಅಕ್ಕ 'ಹೂಂ' ಎನ್ನುತ್ತಿದ್ದಳು. ಈ ಸಲ ಎನ್ನಲಿಲ್ಲ.

"ನಾ ಇನ್ನೂ ನೋಡಿಲ್ಲಪ್ಪಾ" ಎಂದಳು.

"ನೋಡಿಲ್ಲಂದ್ರ? ಆವಾಗ್ಲೇ ಎದುರಿಗೇ ಕುಂತಿದ್ದೆಲ್ಲ!"

"ಕುಂತಿದ್ನಿ. ಕಂಡಿಲ್ಲ."

ಅವ್ವ ಮುಂದೆ ಬಂದಳು. "ಅಲ್ಲಬೇ, ಆ ಸಂಪಗಾಂವದ ಹುಡುಗನ್ನ ಚಲೋ ಇದ್ದಾನ ಅಂದಿದ್ದೆಲ್ಲ?"

"ಚಲೋ ಇದ್ದಾನ ಅಂತ ನೀ ಅಂದಿ. ನಾ ಹೂಂ ಅಂದ್ನಿ. ನನಗ ಒಂದು ಬಿಳೇ ಅಂಗಿ ಕಂಡಿತ್ತು, ಅಷ್ಟ."

ಕನ್ನಡಕ ಬಚ್ಚಿಡತೊಡಗಿದ ಮೇಲೆ ಮನೆಗೆ ಬಂದ ಆ ಎಲ್ಲ ಹುಡುಗರು, ಆ ಎಲ್ಲ ಉಪ್ಪಿಟ್ಟು, ಅವರು ನೋಡಿದ್ದು, ನಾವು ನೋಡಿದ್ದು, ಅವರ ಹಲ್ಲು ಹಾಗೆ, ಇವರ ಎತ್ತರ ಹೀಗೆ ಎಂದು ಆಮೇಲೆ ವಾರಗಟ್ಟಲೆ ಆಡಿದ್ದು. ಅವರಲ್ಲಿ ಒಬ್ಬನನ್ನೂ ಅಕ್ಕ ಕಂಡಿರಲಿಲ್ಲ. ಬೆಳ್ಳಗೆ ಮಸುಕಾಗಿ ಎದುರು ಕುಳಿತ ಯಾರಿಗೋ ತನ್ನ ಇಡೀ ಜನ್ಮಕ್ಕೆ ಹೂಂ ಎನ್ನುತ್ತ ಹೋಗಿದ್ದಳು. ಒಂದೇ ಸೂರಿನ ಕೆಳಗೆ ಇದ್ದ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ. ಅಪ್ಪ ತನ್ನ ಎರಡೂ ಕೈಗಳಿಂದ ಮುಖ ಉಜ್ಜಿಕೊಂಡ. ಬೆಚ್ಚಿದಾಗಲೆಲ್ಲ "ಅರೆ" ಎನ್ನುವ ಮನುಷ್ಯ ಆಗ ಅದನ್ನೂ ಅನ್ನಲಿಲ್ಲ. ಅವ್ವ ಅಕ್ಕನ ಹತ್ತಿರ ಹೋಗಿ, ತನ್ನ ಸೆರಗಿನ ಒಣ ತುದಿಯಿಂದ ಕನ್ನಡಕದ ಗಾಜಿನ ಅಂಚಿನ ಹಿಟ್ಟನ್ನು ಒರೆಸಿದಳು. ಅಕ್ಕನ ಮುಖದಿಂದ ತೆಗೆಯದೆ, ಹಾಗೆಯೇ ನಿಂತು ಒರೆಸಿದಳು.

ಅಕ್ಕ ಹುಡುಗನ ಕಡೆ ತಿರುಗಿದಳು. ಅದುವರೆಗೆ ಆರಾಮಾಗಿ ಕುಳಿತಿದ್ದ ಬಸವರಾಜನಿಗೆ ಒಮ್ಮೆಲೇ ತನ್ನ ಕೈಗಳನ್ನು ಎಲ್ಲಿಡಬೇಕೋ ತಿಳಿಯದಾಯಿತು. ಮೊಣಕಾಲ ಮೇಲೆ ಇಟ್ಟ, ತೆಗೆದ, ಅಂಗಿಯ ಗುಂಡಿ ಮುಟ್ಟಿಕೊಂಡ. ಕಿವಿ ಕೆಂಪಗಾಗಿ, ಕತ್ತು ಬಗ್ಗಿ, ನೋಟ ಜಮಖಾನೆಗೆ ಇಳಿಯಿತು.

"ಲೇ ಬಸ್ಯಾ" ಎಂದಳು ನೀಲವ್ವ, "ತಲಿ ಎತ್ತೋ. ಹುಡುಗಿ ನೋಡಾಕತ್ಯಾಳ."

ಬಸವರಾಜ ತಲೆ ಎತ್ತಿದ. ಅಕ್ಕ ನೋಡಿದಳು. ಮಾಮಾ ಒಮ್ಮೆ ಅವಸರದ ಕೆಮ್ಮು ಕೆಮ್ಮಿದ, ಅವ್ವ ತಿರುಗಿ ಅವನನ್ನು ಸುಡುವಂತೆ ನೋಡಿದಳು. ಮತ್ತೆ ಯಾರೂ ಕೆಮ್ಮಲಿಲ್ಲ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡಿ, ಅಕ್ಕ ಅಪ್ಪನ ಕಡೆ ತಿರುಗಿ "ಹೂಂ" ಎಂದಳು.